ಮನೆ ಕಟ್ಟೋಕೆ ಮಡಿಕೇರಿನಾ, ಉಳ್ಳಾಲನಾ, ಮೈಸೂರಾ? ಮಳೆ, ಗುಡ್ಡ ಕುಸಿತ ಗೊತ್ತಿರೋರು ಹೇಳಿ

ವಿಜಯಾ_ಹಾಸನ:
ಎಲ್ರಿಗೂ ನಮಸ್ಕಾರ. ನಮ್ಮ ಯಜಮಾನ್ರು ಇನ್ನೇನು ರಿಟೈರ್ ಆಗ್ತಾರೆ, ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಬೇರೆ ಎಲ್ಲಾದ್ರೂ ಸಣ್ಣದೊಂದು ಸ್ವಂತ ಮನೆ ಮಾಡ್ಕೊಳ್ಳೋಣ ಅಂತ. ಜೊತೆಗೆ ಅತ್ತೆ ಇದಾರೆ, ಎಂಬತ್ತರ ಹತ್ರ ವಯಸ್ಸು, ರಾತ್ರೋರಾತ್ರಿ ಎದ್ದು ಮನೆ ಖಾಲಿ ಮಾಡಿ ಅಂದ್ರೆ ಅವರ ಕೈಲಿ ಆಗಲ್ಲ. ಮೂರು ಕಡೆ ನೋಡಿದೀವಿ. ಮಡಿಕೇರಿ ಹತ್ರ ಗುಡ್ಡದ ಇಳಿಜಾರಲ್ಲಿ ಒಂದು ಸೈಟ್, ಜೆಸಿಬಿಲಿ ಕಡಿದು ಮಟ್ಟ ಮಾಡಿ ಇಟ್ಟಿದಾರೆ, ವ್ಯೂ ತುಂಬಾ ಚೆನ್ನಾಗಿದೆ. ಉಳ್ಳಾಲದ ಕಡೆ ಸಮುದ್ರಕ್ಕೆ ಹತ್ರ ಒಂದು ಹಳೇ ಮನೆ. ಮತ್ತೆ ಮೈಸೂರಿನ ಹೊರಗೆ ಹೊಸ ಲೇಔಟಲ್ಲಿ ಒಂದು 30×40. 2018ರಲ್ಲಿ ಕೊಡಗು, 2024ರಲ್ಲಿ ಅಂಕೋಲಾ ಹತ್ರದ ಶಿರೂರು, ವಯನಾಡು ಎಲ್ಲಾ ಟೀವಿಲಿ ನೋಡಿದ್ಮೇಲೆ ನನಗೆ ನಿದ್ದೆ ಬರಲ್ಲ. ಬ್ರೋಕರ್‌ನ ಕೇಳಿದ್ರೆ ಮೂರೂ ಕಡೆ ಇಲ್ಲಿ ಏನೂ ಆಗಿಲ್ಲ ಮೇಡಂ ಅಂತಾರೆ. ಆ ಕಡೆ ಇರೋರು ದಯವಿಟ್ಟು ಹೇಳಿ.

ಕಾಫಿತೋಟ:
ಅಕ್ಕ, ನಾನು ಮಡಿಕೇರಿ ತಾಲೂಕಿನವನೇ. ಕೊಡಗಿಗೆ ಬರಬೇಡಿ ಅಂತ ಹೇಳಲ್ಲ ಆದ್ರೆ ಆ ಸೈಟ್ ಮಾತ್ರ ಬೇಡ್ವೇ ಬೇಡ. 2018 ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆ ಆಗಿದ್ದು, 2019ರಲ್ಲಿ ವಿರಾಜಪೇಟೆ ಹತ್ರ ತೋರದಲ್ಲಿ, 2020ರಲ್ಲಿ ತಲಕಾವೇರಿಲಿ, ಮೂರೂ ವರ್ಷ ಆಗಸ್ಟಲ್ಲೇ, ಗುಡ್ಡ ನೀರು ಕುಡಿದು ಕುಡಿದು ಕೊನೆಗೆ ತೋಟ ಮರ ಎಲ್ಲಾ ಸಮೇತ ಜಾರುತ್ತೆ. ಗುಡ್ಡದ ಬುಡ ಕಡಿದ್ರೆ ಮೇಲಿನ ಮಣ್ಣಿಗೆ ಆಸರೆ ಹೋಯ್ತು, ಕಡಿದ ಮಣ್ಣನ್ನ ಮುಂದಕ್ಕೆ ತಳ್ಳಿ ಮಟ್ಟ ಮಾಡಿರ್ತಾರೆ, ಅಂದ್ರೆ ನಿಮ್ಮ ಮನೆ ಅರ್ಧ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿಸಿದ ಮಣ್ಣಿನ ಮೇಲೆ ನಿಲ್ಲುತ್ತೆ. ಹಿಂದಿನ ಬರೆಗೆ, ಅಂದ್ರೆ ಗುಡ್ಡ ಕಡಿದು ನೆಟ್ಟಗೆ ನಿಂತಿರೋ ಮಣ್ಣಿಗೆ, ತಡೆಗೋಡೆ ಕಟ್ಟಿಕೊಡ್ತೀವಿ ಅಂತಾರೆ, ನೀರು ಆಚೆ ಬರೋಕೆ ಗೋಡೇಲಿ ತೂತು ಬಿಟ್ಟಿಲ್ಲ ಅಂದ್ರೆ ಹಿಂದೆ ನೀರು ಕಟ್ಕೊಂಡು ಗೋಡೆನೂ ಸೇರಿಸಿ ತಳ್ಳುತ್ತೆ. ಮತ್ತೆ ಮೇಲ್ಗಡೆ ಹತ್ತಿ ನೋಡಿ, ಯಾರಾದ್ರೂ ಕೆರೆ ತೋಡಿದಾರಾ, ಹೋಂಸ್ಟೇಗೆ ರಸ್ತೆ ಕಡಿದಿದಾರಾ. ನೆಲದಲ್ಲಿ ಉದ್ದಕ್ಕೆ ಬಿರುಕು, ಬುಡದಲ್ಲೇ ಬಾಗಿರೋ ಮರ, ಹಿಂದೆ ಇಲ್ಲದ ಕಡೆ ಹೊಸ ಒರತೆ, ಇದ್ರಲ್ಲಿ ಒಂದು ಕಂಡ್ರೂ ವಾಪಸ್ ಬನ್ನಿ. ಜಿಯಾಲಾಜಿಕಲ್ ಸರ್ವೆಯವರ ಭೂಕೋಶ್ ವೆಬ್‌ಸೈಟಲ್ಲಿ ಭೂಕುಸಿತದ ನಕ್ಷೆ ಇದೆ, ಅದನ್ನೂ ನೋಡಿ. ವಯಸ್ಸಾದೋರು ಇರೋ ಮನೆ, ವ್ಯೂ ನೋಡ್ಕೊಂಡು ತಗೋಬೇಡಿ ಅಕ್ಕ.

ಕುಡ್ಲದವ:
ಸಮುದ್ರದಿಂದ ಎಷ್ಟು ದೂರ ಉಂಟು ಅಂತ ನೀವು ಬರೀಲಿಲ್ಲ ಅಕ್ಕ, ಅದೇ ಮುಖ್ಯ. ಉಳ್ಳಾಲ, ಸೋಮೇಶ್ವರ, ಉಚ್ಚಿಲ ಈ ಸಾಲಿನಲ್ಲಿ ಮಳೆಗಾಲ ಬಂದ್ರೆ ಕಡಲ್ಕೊರೆತದ್ದೇ ಸುದ್ದಿ, ಮನೆ, ತೆಂಗಿನ ಮರ, ರಸ್ತೆ ಎಲ್ಲ ಹೋದದ್ದುಂಟು. ಕಲ್ಲು ತಂದು ಹಾಕ್ತಾರೆ, ಆದ್ರೆ ಕಲ್ಲು ಮುಗಿದ ಜಾಗದಿಂದ ಆಚೆ ಅಲೆ ಕೊರೀಲಿಕ್ಕೆ ಶುರು ಮಾಡ್ತದೆ. ಇನ್ನೊಂದು, ಭರತದ ಗೆರೆಯಿಂದ, ಅಂದ್ರೆ ಉಬ್ಬರದಲ್ಲಿ ಕಡಲ ನೀರು ಬಂದು ಮುಟ್ಟುವ ಗೆರೆಯಿಂದ, 500 ಮೀಟರ್ ಒಳಗೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ರೂಲ್ಸ್ ಬರ್ತದೆ, ಹಳೇ ಮನೆ ಕೆಡವಿ ಹೊಸತು ಕಟ್ಟುವ ಅಂದಾಜಿದ್ರೆ ಮೊದಲು ಪರ್ಮಿಷನ್ ವಿಷಯ ಕೇಳಿ ಆಮೇಲೆ ರೇಟ್ ಮಾತಾಡಿ. ಬಾವಿ ನೀರು ಏಪ್ರಿಲ್ ಮೇಯಲ್ಲಿ ಕುಡಿದು ನೋಡಬೇಕು, ಉಪ್ಪು ಆಗಿದ್ರೆ ಆಗಲೇ ಗೊತ್ತಾಗುದು.

ಹಾಗಂತ ಮಂಗಳೂರಲ್ಲಿ ಗುಡ್ಡದ ಮೇಲೆ ಹೋದ್ರೆ ಸೇಫ್ ಅಂತ ಅಲ್ಲ. ಮೇಲೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಗಟ್ಟಿ ಕಾಣ್ತದೆ, ಅದರ ಕೆಳಗೆ ಶೇಡಿ ಮಣ್ಣು ಅಂತ ಮೆತ್ತನೆಯ ಜೇಡಿ, ಒಣಗಿದ್ದಾಗ ಚಂದ ನಿಲ್ತದೆ, ನೀರು ಹೋದ್ರೆ ಅದಕ್ಕೆ ಬಲವೇ ಇಲ್ಲ. ಶಿರೂರಿನದ್ದು ನೋಡಿ, 2024 ಜುಲೈ 16ಕ್ಕೆ ಹೆದ್ದಾರಿ ಬದಿಯ ಗುಡ್ಡ ಜಾರಿ ಗಂಗಾವಳಿಗೆ ಬಿತ್ತು, ನದಿ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಆ ಮನೆಯವರ ಹಿಂದೆ ಗುಡ್ಡ ಬಿದ್ದದ್ದಲ್ಲ, ಹೊಳೆ ಆಚೆ ಬಿದ್ದದ್ದು. ಹಾಗಾಗಿ ನಿಮ್ಮ ಸೈಟಿನ ಸುತ್ತ ಮಾತ್ರ ನೋಡಿದ್ರೆ ಸಾಕಾಗುದಿಲ್ಲ.

ಸರ್ವೆನಂಬರ್:
ಸಿವಿಲ್ ಎಂಜಿನಿಯರ್, ಮೈಸೂರು. ಮೂರರಲ್ಲಿ ನಾನು ಮೈಸೂರೇ ಅಂತೀನಿ ಆದ್ರೆ ಲೇಔಟ್ ನೋಡದೆ ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ದೊಡ್ಡ ನದಿನೂ ಇಲ್ಲ, ಆದ್ರೂ 2022 ಸೆಪ್ಟೆಂಬರಲ್ಲಿ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ದುಬಾರಿ ವಿಲ್ಲಾಗಳಿಂದ ಜನರನ್ನ ಬೋಟು, ಟ್ರ್ಯಾಕ್ಟರಲ್ಲಿ ಆಚೆ ತಂದ್ರು. ಒಂದು ಕೆರೆ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ ಹೋಗೋ ದಾರಿ ಮುಚ್ಚಿದ್ರೆ ಅದು ಮನೆ ಒಳಗೇ ಬರೋದು. ಮೈಸೂರಿನ ಹೊಸ ಲೇಔಟ್‌ಗಳಿಗೂ ಇದೇ ಲೆಕ್ಕ. ಸರ್ಕಾರದ ಭೂ ನಕ್ಷೆಯ ದಿಶಾಂಕ್ ಆಪ್ ಹಾಕ್ಕೊಂಡು ಸೈಟಲ್ಲೇ ನಿಂತು ನೋಡಿ, ಸರ್ವೆ ನಂಬರ್ ಜೊತೆ ಹಳೇ ಗ್ರಾಮ ನಕ್ಷೆಯ ಕೆರೆ, ಹಳ್ಳ ಕಾಣುತ್ತೆ. ನಂಜನಗೂಡು ದಿಕ್ಕಿಗಿದ್ರೆ ಕಬಿನಿ ಡ್ಯಾಮಿಂದ ನೀರು ಬಿಟ್ಟಾಗ ಕಪಿಲೆ (ಕಬಿನಿ ನದಿನೇ) ಎಲ್ಲಿವರೆಗೆ ಬರ್ತಾಳೆ ಅಂತ ಊರಿನವರನ್ನ ಕೇಳಿ, 2018, 2019ರಲ್ಲಿ ಮೈಸೂರು ರಸ್ತೇನೇ ಮುಳುಗಿತ್ತು. ಕುಡಿಯೋ ನೀರಿನ ಪೈಪ್ ಲೇಔಟ್‌ಗೆ ಬಂದಿದ್ಯಾ, ಇಲ್ಲ ಬರೀ ಬೋರ್‌ವೆಲ್ಲಾ ಅನ್ನೋದನ್ನೂ ಕೇಳಿ, 2024ರ ಬೇಸಿಗೇಲಿ ಬೆಂಗಳೂರಲ್ಲಿ ಬೋರು ನಂಬಿದ ಅಪಾರ್ಟ್‌ಮೆಂಟ್‌ನೋರು ಪಟ್ಟ ಪಾಡು ನಿಮಗೇ ಗೊತ್ತು.

ವಿಜಯಾ_ಹಾಸನ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಡಿಕೇರಿ ಸೈಟ್ ಬೇಡ ಅಂತ ಹೇಳಿಬಿಟ್ವಿ, ಉಳ್ಳಾಲದ್ದೂ ಬಿಟ್ವಿ. ಮೈಸೂರಿಗೆ ಹೋಗಿ ಆಪ್ ನೋಡಿದ್ವಿ, ನಮ್ಮ ಸೈಟಿಂದ ಸ್ವಲ್ಪ ಕೆಳಗೆ ಹಳ್ಳದ ಗೆರೆ ತೋರಿಸ್ತಿದೆ ಆದ್ರೆ ಅಲ್ಲಿ ಹಳ್ಳನೇ ಇಲ್ಲ, ಟಾರ್ ರಸ್ತೆ ಇದೆ. ಇದು ತೊಂದರೆನಾ?

ಸರ್ವೆನಂಬರ್:
ಹೌದು ಮೇಡಂ, ಅಡ್ವಾನ್ಸ್ ಕೊಡ್ಬೇಡಿ. ಆ ರಸ್ತೆ ಕೆಳಗೆ ಮೋರಿ ಇದ್ಯಾ, ನೀರು ಎಲ್ಲಿಗೆ ಹೋಗಿ ಸೇರುತ್ತೆ ಅಂತ ಕೊನೇವರೆಗೂ ನಡ್ಕೊಂಡು ಹೋಗಿ ನೋಡಿ. ಜೋರು ಮಳೆ ಬಿದ್ದ ಮಾರನೇ ದಿನವೇ ಹೋಗಿ, ಪಕ್ಕದ ಮನೆ ಕಾಂಪೌಂಡ್ ಮೇಲೆ ಕೆಸರಿನ ಗುರುತು ಎಷ್ಟು ಎತ್ತರಕ್ಕಿದೆ ನೋಡಿ ಫೋಟೋ ಇಲ್ಲಿ ಹಾಕಿ. ಅದೇ ಲೇಔಟಲ್ಲಿ ಮೇಲಿನ ಸಾಲಲ್ಲಿ ಸೈಟ್ ಖಾಲಿ ಇದ್ರೆ ರೇಟ್ ಸ್ವಲ್ಪ ಜಾಸ್ತಿ ಆದ್ರೂ ಅದನ್ನೇ ಕೇಳಿ.