‘ಬಾಕಿ’, ‘ವಿಲೇವಾರಿ’, ‘ಷರಾ’: ಸರ್ಕಾರಿ ಜಾಲತಾಣದ ಮೂರು ಪದಗಳ ಬಗ್ಗೆ

ಗೆಳೆಯರೇ, ನಮಸ್ಕಾರ.

ಮೊದಲು ಪ್ರಶ್ನೆ, ಆಮೇಲೆ ಕತೆ. ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಿ, ಅದು ಏನಾಯಿತು ಅಂತ ನೋಡಿದರೆ ಇಂಗ್ಲಿಷ್ ಪುಟದಲ್ಲಿ ‘ಪೆಂಡಿಂಗ್’, ‘ಡಿಸ್ಪೋಸ್ಡ್’, ‘ರಿಮಾರ್ಕ್ಸ್’ ಅಂತ ಬರುತ್ತದಲ್ಲ, ಅವಕ್ಕೆ ಕನ್ನಡ ಪುಟದಲ್ಲಿ ಏನಿರಬೇಕು? ನಿಘಂಟಿನಲ್ಲಿ ಏನಿದೆ ಎಂದು ನೋಡಿಕೊಂಡಿದ್ದೇನೆ. ಓದಿದವರಿಗೆ ಏನು ತಿಳಿಯುತ್ತದೆ ಅನ್ನುವುದು ನನ್ನ ಪ್ರಶ್ನೆ.

ಇನ್ನು ಕತೆ. ನಮ್ಮ ಚಿಕ್ಕಮ್ಮನಿಗೆ ಒಂದು ಸರ್ಟಿಫಿಕೇಟ್ ಬೇಕಿತ್ತು. ಯಾವ ಕಚೇರಿ ಅನ್ನುವುದು ಬೇಡ. ನಾನೇ ಅವರ ಪರವಾಗಿ ಕನ್ನಡ ಪುಟದಲ್ಲೇ ಅರ್ಜಿ ತುಂಬಿ, ಶುಲ್ಕ ಕಟ್ಟಿದೆ. ವಾರದ ಮೇಲೆ ತೆಗೆದು ನೋಡಿದರೆ ‘ಬಾಕಿ’ ಅಂತಿತ್ತು. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. “ಎಷ್ಟು ಬಾಕಿಯೋ? ಅವತ್ತೇ ಎಲ್ಲಾ ಕಟ್ಟಿದೀನಿ ಅಂದ್ಯಲ್ಲ” ಅಂದರು. ದುಡ್ಡಿನ ಬಾಕಿ ಅಲ್ಲ ಅಂತ ಹೇಳಿದೆ. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಇನ್ನೂ ಕೆಲವು ದಿನ ಕಳೆದ ಮೇಲೆ ‘ವಿಲೇವಾರಿಯಾಗಿದೆ’ ಅಂತ ಬಂತು. “ಆಯ್ತು ಚಿಕ್ಕಮ್ಮ, ಕೆಲಸ ಮುಗೀತು” ಅಂದೆ. ಸರ್ಟಿಫಿಕೇಟ್ ತರೋಣ ಅಂತ ಹೋದರೆ ಕೌಂಟರಿನಲ್ಲಿದ್ದವರು ಅರ್ಜಿ ತಿರಸ್ಕಾರವಾಗಿದೆ ಅಂದರು. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. “ಪುಟದಲ್ಲೇ ಕಾರಣ ಹಾಕಿದೀವಲ್ಲ, ನೋಡಲಿಲ್ವಾ?” ಅಂತ ಬೇರೆ ಕೇಳಿದರು. ಹಾಕಿದ್ದು ನಿಜ. ಆದರೆ ಅದು ‘ಷರಾ’ ಅನ್ನುವ ಕಾಲಮ್ಮಿನಲ್ಲಿತ್ತು. ಷರಾ ಅಂದರೆ ‘ರಿಮಾರ್ಕ್ಸ್’ ಅಂತ ನನಗೆ ಗೊತ್ತಿರಲಿಲ್ಲ. ತಮಾಷೆ ಏನೆಂದರೆ ಚಿಕ್ಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವರ ಅಪ್ಪ ಶಾನುಭೋಗರು. “ಷರಾ ನೋಡದೆ ಯಾವನಾದರೂ ದಾಖಲೆ ಓದ್ತಾನೇನೋ” ಅಂತ ದಾರಿಯುದ್ದಕ್ಕೂ ಬೈದರು.

ಅವತ್ತಿನಿಂದ ಈ ಪದಗಳು ತಲೆ ಕೊರೆಯುತ್ತಿವೆ.

‘ಬಾಕಿ’ ಅರಬ್ಬಿಯಿಂದ ಬಂದದ್ದು. ಉಳಿದದ್ದು ಎಂದು ಅರ್ಥ. ಕಚೇರಿಯವರು ಮೂಲದ ಅರ್ಥದಲ್ಲೇ ಬಳಸುತ್ತಿದ್ದಾರೆ: ಮಾಡಲು ಉಳಿದ ಕೆಲಸ. ನಾವೂ ‘ಊಟ ಬಾಕಿ ಇದೆ’, ‘ಕೊನೇ ಮಗಳ ಮದುವೆ ಒಂದು ಬಾಕಿ’ ಅನ್ನುತ್ತೇವೆ, ಯಾರಿಗೂ ಗೊಂದಲ ಆಗುವುದಿಲ್ಲ. ಹಿಂದೆ ಒಂದು ಹೆಸರುಪದ ಇದ್ದರೆ ಸರಿಹೋಗುತ್ತದೆ. ಬಾಕಿ ಒಂಟಿಯಾಗಿ ನಿಂತಾಗ ಮಾತ್ರ ನೇರ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಹೋಗಿಬಿಡುತ್ತದೆ. ಅದರಲ್ಲೂ ಮೇಲಿನ ಸಾಲಿನಲ್ಲೇ ‘ಶುಲ್ಕ’ ಅಂತ ಇದ್ದರೆ ಕೇಳಲೇಬೇಡಿ.

‘ವಿಲೇವಾರಿ’ ಮರಾಠಿಯ ವಿಲ್ಹೇವಾರಿ. ವ್ಯವಸ್ಥೆ ಮಾಡಿ ಒಂದು ಕಡೆ ಹಚ್ಚುವುದು. ಈಗ ಪತ್ರಿಕೆ ಓದುವವರಿಗೆ ಈ ಪದ ಸಿಗುವುದು ಎರಡೇ ಕಡೆ: ಕಡತ ವಿಲೇವಾರಿ, ಕಸ ವಿಲೇವಾರಿ. ನಗಬೇಡಿ, ಇಂಗ್ಲಿಷಿನ ‘ಡಿಸ್ಪೋಸಲ್’ ಕೂಡ ಇದೇ ಎರಡು ಕೆಲಸ ಮಾಡುತ್ತದೆ. ಹಾಗಾಗಿ ಅನುವಾದಕರನ್ನು ದೂರುವ ಹಾಗಿಲ್ಲ, ಅವರು ಸರಿಯಾಗೇ ಮಾಡಿದ್ದಾರೆ. ಇಂಗ್ಲಿಷ್ ಪುಟ ಓದಿದ್ದರೂ ಅರ್ಜಿ ಒಪ್ಪಿದರೋ ಬಿಟ್ಟರೋ ನನಗೆ ತಿಳಿಯುತ್ತಿರಲಿಲ್ಲ.

ನನಗೆ ಮುಖ್ಯ ಅನ್ನಿಸಿದ್ದು ಇದೇ. ಈ ಪದಗಳು ಕಚೇರಿಯ ಕಡೆ ಮುಖ ಮಾಡಿಕೊಂಡಿವೆ. ತಿಂಗಳ ಕೊನೆಗೆ ಎಷ್ಟು ಅರ್ಜಿ ಉಳಿದವು, ಎಷ್ಟು ಮುಗಿದವು ಅಂತ ಮೇಲಿನವರಿಗೆ ಲೆಕ್ಕ ಕೊಡಲು ಇವು ಸಾಕು. ಕೊಟ್ಟು ಕಳಿಸಿದರೂ ಮುಗಿಯಿತು, ವಜಾ ಮಾಡಿದರೂ ಮುಗಿಯಿತು. ಅರ್ಜಿ ಹಾಕಿದವರಿಗೆ ಬೇಕಾದದ್ದೇ ಬೇರೆ. ಯಾರ ಟೇಬಲ್ ಮೇಲಿದೆ? ನಾನು ಏನಾದರೂ ಕೊಡಬೇಕಾ? ಆಗುತ್ತಾ, ಇಲ್ವಾ? ಜನ ಬಾಯಲ್ಲಿ ಕೇಳುವುದು ಹೀಗೇ. “ನಮ್ದು ಎಲ್ಲಿಗೆ ಬಂತು ಸಾರ್?” ಅನ್ನುತ್ತಾರೆ. ‘ಅರ್ಜಿಯ ಸ್ಥಿತಿ ಏನು’ ಅಂತ ಯಾರಾದರೂ ಕೇಳಿದ್ದನ್ನು ನಾನಂತೂ ಕೇಳಿಲ್ಲ. ಇಂಗ್ಲಿಷಿನ ‘ಸ್ಟೇಟಸ್’ ಅನುವಾದಿಸಲು ಯಂತ್ರಕ್ಕೆ ಬಿಟ್ಟರೆ ‘ಸ್ಥಾನಮಾನ’ ಅಂತಲೂ ಬರುತ್ತದೆ, ಅರ್ಜಿಗೆ ಪೇಟ ತೊಡಿಸಿ ಕೂರಿಸಿದ ಹಾಗೆ.

ಇಲಾಖೆಗೊಂದು ತಂತ್ರಾಂಶ ಇರುವುದರಿಂದ ಗೊಂದಲ ಇನ್ನೂ ಜಾಸ್ತಿ. ಪಹಣಿಗೆ ಭೂಮಿ, ನೋಂದಣಿಗೆ ಕಾವೇರಿ, ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿ, ಹಳ್ಳಿಯ ಸ್ವತ್ತಿಗೆ ಇ-ಸ್ವತ್ತು, ಹಲವು ಇಲಾಖೆಗಳ ಸೇವೆ ಒಟ್ಟಿಗೆ ಸಿಗಲಿ ಅಂತ ಸೇವಾ ಸಿಂಧು. ಇವನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ತಂಡಗಳು ಕಟ್ಟಿದವು. ಈಗ ಒಳಗಿನಿಂದ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಜಮೀನು ನೋಂದಣಿಯಾದರೆ ಕಾವೇರಿಯಿಂದ ಭೂಮಿಗೆ ಮಾಹಿತಿ ತಾನಾಗೇ ಹೋಗುತ್ತದೆ. ಯಂತ್ರಗಳ ನಡುವೆ ಒಪ್ಪಂದ ಆಗಿದೆ, ಪದಗಳ ನಡುವೆ ಆಗಿಲ್ಲ. ‘ತಾಲೂಕು’ ಒಂದು ಕಡೆ, ‘ತಾಲ್ಲೂಕು’ ಇನ್ನೊಂದು ಕಡೆ ಇದ್ದರೆ ಹುಡುಕುವ ಪೆಟ್ಟಿಗೆಗೆ ಅವು ಎರಡು ಬೇರೆ ಊರಿನ ಮಾತು. ಯೂನಿಕೋಡ್‌ಗೆ ಮುಂಚಿನ ‘ನುಡಿ’ ತಂತ್ರಾಂಶದ ಕಡತದಿಂದ ನೇರ ಅಂಟಿಸಿದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ.

ಒಂದೇ ಪದಪಟ್ಟಿ ಮಾಡಿ ಎಲ್ಲ ಇಲಾಖೆಗೂ ಹಂಚಿದರೆ ಸಾಕಲ್ಲ ಅನ್ನಬಹುದು. ‘ಮುಖಪುಟ’ದಂಥ ಪದಕ್ಕೆ ಸಾಕು, ಅದು ಆಗಲೇ ನೆಲೆ ನಿಂತಿದೆ. ಆದರೆ ‘ಡಿಸ್ಪೋಸ್ಡ್ = ವಿಲೇವಾರಿ’ ಅಂತ ಪಟ್ಟಿ ಮಾಡಿ ಎಲ್ಲರೂ ಅದನ್ನೇ ಬಳಸಿದರೆ, ಚಿಕ್ಕಮ್ಮನಿಗೆ ಆದದ್ದು ಎಲ್ಲ ಇಲಾಖೆಯಲ್ಲೂ ಒಂದೇ ಥರ ಆಗುತ್ತದೆ, ಅಷ್ಟೇ. ಇಲ್ಲಿ ಇಂಗ್ಲಿಷನ್ನೂ ಒಡೆಯಬೇಕು. ಒಂದು ‘ಡಿಸ್ಪೋಸ್ಡ್’ ಜಾಗದಲ್ಲಿ ಎರಡು ಪದ ಬೇಕು: ಆಯಿತು ಅನ್ನಲು ಒಂದು, ಇಲ್ಲ ಅನ್ನಲು ಒಂದು. ಕನ್ನಡ ನೋಡಿ ಇಂಗ್ಲಿಷ್ ತಿದ್ದುವುದು ನಮಗೇನು ಹೊಸದಲ್ಲ. 2014ರ ನವೆಂಬರ್ 1ರಿಂದ ಬೆಂಗಳೂರು, ಬೆಳಗಾವಿ, ಬಳ್ಳಾರಿ, ಶಿವಮೊಗ್ಗ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ವಾ? ಕನ್ನಡದಲ್ಲಿ ಬೆಂಗಳೂರು ಮೊದಲೂ ಬೆಂಗಳೂರೇ.

ಸುಲಭವಾಗಿ ಬರೆಯಲು ಸರ್ಕಾರಕ್ಕೆ ಬರುವುದಿಲ್ಲ ಅಂತಲೂ ಅಲ್ಲ. 2012ರಲ್ಲಿ ಸಕಾಲ, ಅಂದರೆ ಸರ್ಕಾರಿ ಸೇವೆಗೆ ಗಡುವು ಹಾಕುವ ಕಾಯ್ದೆ, ಶುರುವಾದಾಗಿನ ಘೋಷಣೆ ನೆನಪಿದೆಯಾ? ‘ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’. ಅದರಲ್ಲಿ ಅನುವಾದದ ವಾಸನೆ ಇಲ್ಲ. ಆ ಕಾಯ್ದೆಯಲ್ಲಿ ದಿನಕ್ಕೆ ಲೆಕ್ಕ ಇದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರರಿಗೆ ಕೊಡಬೇಕು. ಹಾಗಿದ್ದ ಮೇಲೆ ಗಡುವಿನೊಳಗಿನ ‘ಬಾಕಿ’ ಬೇರೆ, ಗಡುವು ದಾಟಿದ ‘ಬಾಕಿ’ ಬೇರೆ. ಎರಡಕ್ಕೂ ಒಂದೇ ಪದ ಹಾಕಿದರೆ ಯಾರಿಗೆ ಅನುಕೂಲ ಅಂತ ನಾನು ಹೇಳುವುದಿಲ್ಲ.

ನಾನು ಯೋಚಿಸಿದ್ದು ಇಷ್ಟು. ‘ಬಾಕಿ’ ಬದಲು ‘ಕಂದಾಯ ನಿರೀಕ್ಷಕರ ಬಳಿ ಇದೆ’, ‘ತಹಶೀಲ್ದಾರರ ಬಳಿ ಇದೆ’. ‘ಪರಿಶೀಲಿಸಲಾಗುತ್ತಿದೆ’ ಅನ್ನುವುದು ನನಗೆ ಬೇಡ, ಅದರಲ್ಲಿ ಮಾಡುವವರೇ ಮಾಯ. ಆದರೆ ಇಲ್ಲೂ ಒಂದು ತೊಡಕು. ಗ್ರಾಮ ಲೆಕ್ಕಿಗರು, ಗ್ರಾಮ ಲೆಕ್ಕಾಧಿಕಾರಿ ಆಗಿದ್ದವರು ಈಗ ‘ಗ್ರಾಮ ಆಡಳಿತ ಅಧಿಕಾರಿ’. ಊರಲ್ಲಿ ಹಳಬರು ಇನ್ನೂ ಶಾನುಭೋಗರು ಅನ್ನುತ್ತಾರೆ, ಉತ್ತರದ ಕಡೆ ತಲಾಠಿ. ಪುಟದಲ್ಲಿ ಈಗಿನ ಹೆಸರೇ ಇರಲಿ ಅಂತ ನನ್ನ ಅಭಿಪ್ರಾಯ.

‘ಇಲ್ಲ’ ಅನ್ನಲು ‘ತಿರಸ್ಕೃತ’ ನನಗೆ ಹಿಡಿಸುವುದಿಲ್ಲ, ಮುಖಕ್ಕೆ ಹೊಡೆದ ಹಾಗಿದೆ. ‘ವಜಾ’ ಅಂದರೆ ಕೆಲಸದಿಂದ ತೆಗೆದದ್ದು ಅಥವಾ ಕೋರ್ಟಿನ ಸುದ್ದಿ. ‘ಮಂಜೂರಾಗಿದೆ, ಮಂಜೂರಾಗಿಲ್ಲ’ ಎಲ್ಲರಿಗೂ ಗೊತ್ತಿರುವ ಜೋಡಿ. ಸಾಲ, ರಜೆ, ಜಮೀನು, ಪಿಂಚಣಿಗೆ ಸರಿ. ಆದರೆ ಜಾತಿ ಪ್ರಮಾಣಪತ್ರ ಮಂಜೂರಾಯಿತು ಅಂದರೆ ಕಿವಿಗೆ ಒಂಥರಾ, ಅಲ್ವಾ? ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

‘ಷರಾ’ ತೆಗೆದು ‘ಟಿಪ್ಪಣಿ’ ಹಾಕಿ ಅಂತ ಸ್ನೇಹಿತರೊಬ್ಬರು ಹೇಳಿದರು. ಭೂಮಾಪನದಲ್ಲಿ ಟಿಪ್ಪಣಿ ಅಂದರೆ ಜಮೀನಿನ ಅಳತೆಯ ನಕ್ಷೆ. ‘ಟಿಪ್ಪಣಿ, ಆಕಾರಬಂದ್ ತೆಗೆಸಿ’ ಅನ್ನುವ ಮಾತು ಕೇಳಿ ಬೆಳೆದ ರೈತರಿಗೆ ಇದು ಹೊಸ ಗೊಂದಲ. ಸುಮ್ನೆ ‘ಕಾರಣ’ ಅಂದರೆ ಸಾಕೇನೋ. ಅಥವಾ ಕಂದಾಯ ಕಚೇರಿಯಲ್ಲೇ ಇರುವ ಒಂದು ಚೆಂದದ ಪದ ಇದೆ: ‘ಹಿಂಬರಹ’. ಅರ್ಜಿಯ ಹಿಂದೆ ಬರೆದುಕೊಡುವ ಉತ್ತರ. ‘ಹಿಂಬರಹ ಕೊಡಿ ಸ್ವಾಮಿ, ಮೇಲ್ಮನವಿ ಹಾಕ್ತೀನಿ’ ಅನ್ನುವವರು ಇವತ್ತಿಗೂ ಇದ್ದಾರೆ. ‘ಮಂಜೂರಾಗಿಲ್ಲ’ದ ಪಕ್ಕದಲ್ಲೇ ‘ಹಿಂಬರಹ ನೋಡಿ’ ಅನ್ನುವ ಗುಂಡಿ ಇಟ್ಟಿದ್ದರೆ ನಾನು ಖಂಡಿತ ಒತ್ತುತ್ತಿದ್ದೆ.

ನಿಮ್ಮಿಂದ ಬೇಕಾದದ್ದು: ನಿಮ್ಮ ಕಡೆ ಇವಕ್ಕೆ ಬಾಯಿಮಾತಿನಲ್ಲಿ ಏನನ್ನುತ್ತಾರೆ? ನಮ್ಮಲ್ಲಿ ಪಹಣಿ ಆದದ್ದು ಧಾರವಾಡ, ಬೆಳಗಾವಿ ಕಡೆ ಉತಾರ. ಹಾಗೇ ‘ಪೆಂಡಿಂಗ್’ಗೂ ಅಲ್ಲಿ ಬೇರೆ ಮಾತು ಇರಬಹುದು. ಕಲಬುರಗಿ, ಬೀದರ್ ಕಡೆಯವರ ಕಚೇರಿ ಮಾತಿನಲ್ಲಿ ಉರ್ದು ಪದ ಯಾವುದಾದರೂ ಉಳಿದಿದ್ದರೆ ತಿಳಿಸಿ. ಕಾಸರಗೋಡಿನವರು ಕೇರಳ ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದಲ್ಲ, ಅಲ್ಲಿಂದ ಬರುವ ಉತ್ತರದಲ್ಲಿ ‘ಇಲ್ಲ’ ಅನ್ನಲು ಯಾವ ಪದ ಬಳಸುತ್ತಾರೆ? ಮತ್ತೆ ‘ಷರಾ’ ಅಂದರೆ ಏನು ಅಂತ ಮನೆಯಲ್ಲಿ ಇಪ್ಪತ್ತರ ಆಸುಪಾಸಿನ ಮಕ್ಕಳನ್ನು ಒಮ್ಮೆ ಕೇಳಿ ನೋಡಿ. ಬಂದ ಉತ್ತರ ಹಾಗೇ ಬರೆದು ಕಳಿಸಿ, ತಪ್ಪಾಗಿದ್ದರೂ ಪರವಾಗಿಲ್ಲ.

ಚಿಕ್ಕಮ್ಮನ ಹೆಸರು ತಿದ್ದಿಸಿ ಮತ್ತೆ ಅರ್ಜಿ ಹಾಕಿದ್ದೇನೆ. ಸದ್ಯಕ್ಕೆ ‘ಬಾಕಿ’ ಇದೆ.