ಫ್ಯೂಯಲ್ ಪ್ರೆಶರ್ ಗೇಜ್: ಯಾವುದನ್ನು ಕೂರಿಸಿದಿರಿ, ಏನಾಯಿತು?

ಪ್ರಶ್ನೆ: ಕಾರಿಗೆ ಟರ್ಬೊ ಕೂರಿಸಿ ಮೂರು ತಿಂಗಳಾಯಿತು. ಇಂಜೆಕ್ಟರ್ ದೊಡ್ಡವು, ಪಂಪ್ ಹೊಸದು, ಇಂಧನದ ಒತ್ತಡ ಕಾಯುವ ರೆಗ್ಯುಲೇಟರ್ ತಿರುಗಿಸಿ ಹೊಂದಿಸುವಂಥದ್ದು. ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ, 0.8 ಬಾರ್. ಒಳಗೆ ಕಾಣುವಂತೆ ಒಂದು ಎಲೆಕ್ಟ್ರಿಕ್ ಪ್ರೆಶರ್ ಗೇಜ್ ಬೇಕು, 52 ಮಿಲಿಮೀಟರ್ ಜಾಗವಿದೆ. ಬಳಸಿದವರು ಹೇಳಿ.

ಉತ್ತರ 1: ಗೇಜ್ ಯಾವುದಾದರೂ ಇರಲಿ, ಸೆನ್ಸರ್ ಅದರ ಜೋಡಿಯದೇ ಆಗಿರಲಿ. ಈ ಒಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ನಾಲ್ಕು ವಾರ ಉಳಿಯುತ್ತಿತ್ತು. ಗೇಜಿನ ಜೊತೆ ಬಂದ ಸೆನ್ಸರ್ ಎರಡನೇ ತಿಂಗಳಲ್ಲೇ ಸತ್ತಿತು. ಬದಲಿಗೆ ಸಿಕ್ಕಿದ್ದು 150 ಪಿಎಸ್‌ಐ (14.5 ಪಿಎಸ್‌ಐ ಎಂದರೆ 1 ಬಾರ್) ತನಕ ಅಳೆಯುವ ಸೆನ್ಸರ್, ಗೇಜ್ 100ರದ್ದು. ಎರಡೂ ಐದು ವೋಲ್ಟಿನವು, ಎರಡರ ಸಿಗ್ನಲ್ಲೂ 0.5ರಿಂದ 4.5, ಪ್ಲಗ್ ಕೂಡ ಒಂದೇ. ಕೂರಿಸಿದೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿ ನೋಡಿದರೆ 43.5 ತೋರಿಸಬೇಕಾದ ಮುಳ್ಳು 29ರಲ್ಲಿ ನಿಂತಿತ್ತು. ಪಂಪ್ ಸೋತಿದೆ ಎಂದುಕೊಂಡು ಟ್ಯಾಂಕ್ ಇಳಿಸಿ ಹೊಸ ಪಂಪ್ ಹಾಕಿದೆ. ಮತ್ತೆ 29. ರೆಗ್ಯುಲೇಟರಿನ ಬೋಲ್ಟನ್ನು 43.5 ಬರುವ ತನಕ ಬಿಗಿಸಿದೆ. ಒಳಗಿನ ನಿಜವಾದ ಒತ್ತಡ ಆಗ 65! ಸ್ಪಾರ್ಕ್ ಪ್ಲಗ್‌ಗಳು ಒಲೆಯ ಮಸಿಯಂತಾದವು. ಎರಡು ಸೆಟ್ ಎಸೆದೆ, ಕಾಯಿಲ್ ಬದಲಿಸಿದೆ, ನಾಲ್ಕೂ ಇಂಜೆಕ್ಟರ್ ಬಿಚ್ಚಿ ತೊಳೆಸಿದೆ. ಕೊನೆಗೆ ಗೆಳೆಯನೊಬ್ಬ ತನ್ನ ಯಾಂತ್ರಿಕ ಗೇಜನ್ನು ರೈಲಿಗೆ, ಅಂದರೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ, ಸಿಕ್ಕಿಸಿದಾಗ ಗುಟ್ಟು ಹೊರಬಿತ್ತು: 150ರ ಸೆನ್ಸರಿನ ಸಿಗ್ನಲನ್ನು 100ರ ಗೇಜ್ ಮೂರರಲ್ಲಿ ಎರಡು ಪಾಲಾಗಿ ತೋರಿಸುತ್ತಿತ್ತು. ತೆಗೆದ ಪಂಪ್ ಇನ್ನೂ ಕಪಾಟಿನಲ್ಲಿದೆ, ಅದಕ್ಕೆ ಯಾವ ರೋಗವೂ ಇರಲಿಲ್ಲ.

ಉತ್ತರ 2: ಕೊನೆಗೆ ಸತ್ಯ ಹೇಳಿದ್ದು ಯಾಂತ್ರಿಕ ಗೇಜೇ ಅಲ್ಲವೇ? ನನ್ನದು ಆರು ವರ್ಷದಿಂದ ರೈಲಿನ ಮೇಲೆ ಕುಳಿತಿದೆ. ತಂತಿಯಿಲ್ಲ, ವೋಲ್ಟಿಲ್ಲ, ಕೆಡುವುದಕ್ಕೆ ಏನೂ ಇಲ್ಲ. ಎಲೆಕ್ಟ್ರಿಕ್ ಗೇಜಿಗೆ ನೀವು ಕಳೆದ ಹಣದಲ್ಲಿ ಇಂಥ ಹತ್ತು ಬರುತ್ತಿದ್ದವು.

ಉತ್ತರ 3: ಬಾನೆಟ್ ಮುಚ್ಚಿ ಓಡಿಸುವಾಗ ಅದನ್ನು ನೋಡುವವರು ಯಾರು? ದ್ರವ ತುಂಬಿದ ಯಾಂತ್ರಿಕ ಗೇಜ್ ನನ್ನಲ್ಲೂ ಇತ್ತು. ಎಂಜಿನ್ ಕಾದಂತೆ ಅದರೊಳಗಿನ ದ್ರವ ಹಿಗ್ಗಿ, ಬೆಳಿಗ್ಗೆ ತೋರಿಸಿದ್ದಕ್ಕಿಂತ ನಾಲ್ಕೈದು ಪಿಎಸ್‌ಐ ಕಡಿಮೆ ತೋರಿಸುತ್ತಿತ್ತು. ಒಳಗೆ ಕಾಣಲಿ ಎಂದು ಪೆಟ್ರೋಲ್ ಪೈಪನ್ನೇ ಡ್ಯಾಶ್‌ಬೋರ್ಡಿನ ತನಕ ಎಳೆಯುವವರೂ ಇದ್ದಾರೆ. ಅದು ತೊಡೆಯ ಮೇಲೆ ಬೆಂಕಿ ಇಟ್ಟುಕೊಂಡಂತೆ.

ಆದರೆ ಎಲೆಕ್ಟ್ರಿಕ್ ಹಾಕಿಯೂ ನಾನು ಕೆಟ್ಟೆ. ಹಿತ್ತಾಳೆಯ ಟೀ (T ಆಕಾರದ ಫಿಟ್ಟಿಂಗ್) ಹಾಕಿ ಭಾರದ ಸೆನ್ಸರನ್ನು ನೇರ ರೈಲಿಗೇ ಬಿಗಿದಿದ್ದೆ. ಐದು ತಿಂಗಳ ಅದುರುವಿಕೆಗೆ ಟೀಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ವಾಸನೆ ಬಂದು ಬಾನೆಟ್ ಎತ್ತಿದೆ. ಸೆನ್ಸರಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು, ಅದರ ನೇರ ಕೆಳಗೆ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅದನ್ನು ನೋಡುತ್ತಾ ನಿಂತ ಆ ಗಳಿಗೆಯನ್ನು ನಾನು ಮರೆತಿಲ್ಲ. ಈಗ ಸೆನ್ಸರ್ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ, ಅಂದರೆ ಫೈರ್‌ವಾಲಿನ, ಮೇಲಿದೆ, ರೈಲಿನಿಂದ ಅಲ್ಲಿಗೆ ಉಕ್ಕಿನ ಹೆಣಿಗೆಯ ಹೋಸ್.

ಉತ್ತರ 2: ಪೈಪನ್ನು ಒಳಗೆ ಎಳೆಯಿರಿ ಎಂದು ನಾನು ಎಲ್ಲಿ ಹೇಳಿದೆ? ಓದಿ ಮಾತನಾಡಿ. ಒಡೆದದ್ದು ನಿಮ್ಮ ಸೆನ್ಸರ್ ಟೀ, ನನ್ನ ಗೇಜಲ್ಲ.

ಉತ್ತರ 4: ಬಿರುಕಿಗಿಂತ ದೊಡ್ಡ ಮೋಸ ಥ್ರೆಡ್ಡಿನದು. ನನ್ನ ರೈಲಿನ ಫಿಟ್ಟಿಂಗ್ 1/8 ಎನ್‌ಪಿಟಿ ಎಂಬ ಅಮೆರಿಕನ್ ಥ್ರೆಡ್ಡಿನದು, ಜಪಾನಿ ಸೆನ್ಸರ್ 1/8 ಪಿಟಿ. ಒಂದರಲ್ಲಿ ಇಂಚಿಗೆ 27 ಎಳೆ, ಇನ್ನೊಂದರಲ್ಲಿ 28. ಎರಡೂವರೆ ಸುತ್ತು ಸಲೀಸಾಗಿ ಹೋಗಿ ಬಿಗಿಯಾಯಿತು, ಸರಿಯಾಗಿ ಕೂತಿತೆಂದು ನಂಬಿದೆ. ಮೂರು ಸಲ ಸೋರಿತು. ಪ್ರತಿ ಸಲವೂ ಟೆಫ್ಲಾನ್ ಟೇಪ್ ಹೆಚ್ಚು ಸುತ್ತಿದೆ. ನಾಲ್ಕನೇ ಸಲ ಫಿಟ್ಟಿಂಗಿನ ಎಳೆಗಳೇ ಸೆನ್ಸರಿಗೆ ಅಂಟಿಕೊಂಡು ಹೊರಬಂದವು. ರೈಲನ್ನೇ ಬದಲಿಸಬೇಕಾಯಿತು.

ಉತ್ತರ 5: ಇಂಧನದ ದಾರಿಯಲ್ಲಿ ಟೇಪ್ ಸುತ್ತುವುದೇ ತಪ್ಪು. ಅದರ ಒಂದು ಚೂರು ಕಿತ್ತು ಹೋದರೆ ನೇರ ಇಂಜೆಕ್ಟರಿನ ಬಾಯಿಗೆ. ಪೆಟ್ರೋಲ್ ತಡೆಯುವ ದ್ರವ ಸೀಲಂಟ್ ಹಚ್ಚಿ, ಅದೂ ಮೊದಲ ಎರಡು ಎಳೆ ಬಿಟ್ಟು. ಒಂದೇ ತಂತಿಯ ಸೆನ್ಸರ್ ಆದರೆ ಅದರ ಅರ್ಥಿಂಗ್ ಥ್ರೆಡ್ಡಿನ ಮೂಲಕವೇ ಆಗುತ್ತದೆ. ಟೇಪ್ ಸುತ್ತಿದರೆ ಅದೂ ಹಾಳು.

ಉತ್ತರ 4: ನನ್ನದು ಮೂರು ತಂತಿಯದು, ಅರ್ಥಿಂಗ್ ಪಾಠ ನನಗೆ ಬೇಡ.

ಉತ್ತರ 5: ಮೂರು ತಂತಿಗೂ ಬೇಕು. ಅರ್ಥ್ ತಂತಿಯನ್ನು ಕಾರಿನ ಬಾಡಿಯ ಲೋಹಕ್ಕೆ ಎಲ್ಲೋ ಕಟ್ಟಿದ್ದೆ. ಫ್ಯಾನ್ ತಿರುಗಿದಾಗಲೆಲ್ಲ ಮುಳ್ಳು ಏಳುತ್ತಿತ್ತು. 100 ಪಿಎಸ್‌ಐ ಸೆನ್ಸರಿನಲ್ಲಿ 0.1 ವೋಲ್ಟ್ ಎಂದರೆ ಎರಡೂವರೆ ಪಿಎಸ್‌ಐ. ಇಲ್ಲದ ದೋಷಕ್ಕೆ ಒಂದು ತಿಂಗಳು ರೆಗ್ಯುಲೇಟರನ್ನು ಬೈದೆ.

ಉತ್ತರ 6: ಟೇಪ್, ತಂತಿ ಎಂದು ಜಗಳವಾಡುತ್ತಿದ್ದೀರಿ, ನಾನು ಪಿಸ್ಟನ್ನನ್ನೇ ಕಳೆದುಕೊಂಡವನು. ಬೇಸ್ ಒತ್ತಡ (ಬೂಸ್ಟ್ ಸೇರದ ಇಂಧನದ ಒತ್ತಡ) 3 ಬಾರ್, ಬೂಸ್ಟ್ 1 ಬಾರ್. ಬೂಸ್ಟ್ ಏರಿದಷ್ಟೂ ರೆಗ್ಯುಲೇಟರ್ ಇಂಧನದ ಒತ್ತಡವನ್ನು ಏರಿಸುತ್ತದೆ, ಅಂದರೆ ರೈಲಿನಲ್ಲಿ 4 ಬಾರ್ ಇರಬೇಕು. ಪಂಪಿಗೆ ಹೋಗುವ ಕಂಪನಿಯ ಸಣ್ಣ ತಂತಿಯನ್ನು ನಾನು ಬದಲಿಸಿರಲಿಲ್ಲ. ಐಡಲ್‌ನಲ್ಲಿ ಎಲ್ಲವೂ ಸರಿ. ಮೂರನೇ ಗೇರಿನಲ್ಲಿ ಪೂರ್ತಿ ತುಳಿದಾಗ ಒತ್ತಡ ಮೂರಕ್ಕೆ ಕುಸಿಯಿತು. ಒಳ್ಳೆಯ ಗೇಜ್ ಕಣ್ಣೆದುರೇ ಇತ್ತು, ಸುಳ್ಳು ಹೇಳಲಿಲ್ಲ. ನಾನು ರಸ್ತೆ ನೋಡುತ್ತಿದ್ದೆ. ಪೆಟ್ರೋಲ್ ಸಾಲದೆ ಕಾದು ಮೂರನೇ ಪಿಸ್ಟನ್ನಿನ ಅಂಚು ಮೇಣದಂತೆ ಕರಗಿತ್ತು. ಬ್ಲಾಕ್, ಬೋರಿಂಗ್, ಬೇರಿಂಗ್, ಹೆಡ್ ಗ್ಯಾಸ್ಕೆಟ್, ಮತ್ತೆ ಟ್ಯೂನಿಂಗ್, ಏಳು ತಿಂಗಳು ಗಾಡಿ ಸ್ಟ್ಯಾಂಡಿನ ಮೇಲೆ. ಈಗ ಸೆನ್ಸರಿನ ಸಿಗ್ನಲ್ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಹೋಗುತ್ತದೆ. ಒತ್ತಡ ಬಿದ್ದರೆ ಅದೇ ಎಂಜಿನ್ನನ್ನು ತಡೆಯುತ್ತದೆ. ಮುಳ್ಳು ನೋಡಿ ಕಾಲು ಎತ್ತುತ್ತೇನೆ ಎನ್ನುವವರ ಮಾತು ನಂಬಬೇಡಿ.

ಉತ್ತರ 1: ಎಲ್ಲರ ಇಸಿಯುಗೂ ಆ ಸೌಲಭ್ಯವಿಲ್ಲ. ಫಿಲ್ಟರ್ ಕಟ್ಟಿಕೊಳ್ಳುತ್ತಿರುವುದನ್ನು ನನಗೆ ಎರಡು ವಾರ ಮೊದಲೇ ತೋರಿಸಿದ್ದು ಮುಳ್ಳೇ. ಮತ್ತೆ ದಯವಿಟ್ಟು ಪಿಎಸ್‌ಐಯಲ್ಲಿ ಹೇಳಿ, ರೆಗ್ಯುಲೇಟರಿನ ಕಾಗದದಲ್ಲಿ ಇರುವುದೇ ಅದು.

ಉತ್ತರ 6: ಬೂಸ್ಟ್ ಬಾರ್‌ನಲ್ಲಿದ್ದಾಗ ಇಂಧನವೂ ಬಾರ್‌ನಲ್ಲಿದ್ದರೆ ಮನಸ್ಸಿನಲ್ಲೇ ಕೂಡಬಹುದು, ಮೂರು ಮತ್ತು ಒಂದು ನಾಲ್ಕು. 43.5 ಮತ್ತು 14.5 ಎಂದು ಓಡಿಸುತ್ತಾ ಕೂಡುತ್ತೀರಾ?

ಉತ್ತರ 1: ಆರು ವರ್ಷದಿಂದ ಕೂಡುತ್ತಿದ್ದೇನೆ. ನನ್ನ ಪಿಸ್ಟನ್‌ಗಳು ಇನ್ನೂ ಇವೆ.

ಉತ್ತರ 3: ಅದು ಆಡುವ ಮಾತಲ್ಲ. ಏಳು ತಿಂಗಳು ಗಾಡಿ ಕಳೆದುಕೊಂಡವರಿಗೆ ಹೀಗೆ ಹೇಳಬೇಡಿ.

ಪ್ರಶ್ನೆ ಕೇಳಿದವರು: 0.8 ಬೂಸ್ಟಿಗೆ 3.8 ಬಾರ್ ಬೇಕು, ಹಾಗಾಗಿ 7 ಬಾರ್ ತನಕ ತೋರಿಸುವ ಮೂರು ತಂತಿಯ ಗೇಜನ್ನು ಆರಿಸಿದ್ದೆ. ನಾಳೆ ಕೂರಿಸಬೇಕೆಂದಿದ್ದೆ. ಈಗ ಎದ್ದು ಹೋಗಿ ನೋಡಿದೆ. ರೆಗ್ಯುಲೇಟರಿನ ರಂಧ್ರ ಎನ್‌ಪಿಟಿ. ಸೆನ್ಸರಿನ ಮೇಲೆ ಪಿಟಿ ಎಂದಿದೆ.

ಉತ್ತರ 4: ಕೂರಿಸಬೇಡಿ. ಕೈಯಲ್ಲಿ ಎರಡು ಸುತ್ತು ಹಾಕಿ ನೋಡುತ್ತೇನೆ ಎಂದೂ ಹೋಗಬೇಡಿ. ಮೊದಲು ಅಡಾಪ್ಟರ್ ತರಿಸಿ.