ಕೊರಡಿನ ಕೆಳಗೆ ಎರಡು ಸಲಮಾಂಡರ್: ಬಣ್ಣ ಬೇರೆ, ಜಾತಿಯೂ ಬೇರೆಯಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾವಿರುವುದು ಮ್ಯಾಸಚೂಸೆಟ್ಸ್‌ನಲ್ಲಿ. ಮನೆ ಹಿಂದೆ ಓಕ್ ಮರಗಳ ಕಾಡಿದೆ. ಭಾನುವಾರ ಮಳೆ ನಿಂತ ಮೇಲೆ ಮಗಳ ಜೊತೆ ಹೋಗಿದ್ದೆ. ಕೊಳೆತ ಕೊರಡು ಸರಿಸಿದರೆ ಎರಡು ಪುಟ್ಟ ಜೀವ! ನಾನು ಮಲೆನಾಡಿನವಳು, ಮೊದಲು ಹಾವುರಾಣಿ ಮರಿ ಅಂದುಕೊಂಡೆ. ಆದರೆ ಮೈಮೇಲೆ ಹುರುಪೆ ಇಲ್ಲ, ಬೆರಳಿಗೆ ಉಗುರಿಲ್ಲ. ಎರಡೂ ಸುಮಾರು 8 ಸೆಂ.ಮೀ. ಉದ್ದ. ಒಂದರ ಬೆನ್ನಿಗೆ ಕತ್ತಿನಿಂದ ಬಾಲದವರೆಗೆ ಇಟ್ಟಿಗೆ ಬಣ್ಣದ ಪಟ್ಟೆ. ಇನ್ನೊಂದು ಪೂರ್ತಿ ಕಡು ಬೂದು. ಹತ್ತಿರ ಹಳ್ಳ, ಕೆರೆ ಯಾವುದೂ ಇಲ್ಲ. ಇವು ಯಾವುವು?

ಉತ್ತರ: ಇವು ಸಲಮಾಂಡರ್ ಮೇಡಂ, ಹಲ್ಲಿಯ ಹಾಗೆ ಕಂಡರೂ ಕಪ್ಪೆಯಂಥ ಉಭಯಚರ ಜೀವಿ. ಯಾವ ಜಾತಿ ಅಂತ ತಿಳಿಯಲು ಬೆನ್ನಿನ ಬಣ್ಣ ನಂಬಬೇಡಿ, ಹೊಟ್ಟೆ ನೋಡಿ. ಉಪ್ಪು, ಕಾಳುಮೆಣಸಿನ ಪುಡಿ ಬೆರೆಸಿ ಚೆಲ್ಲಿದ ಹಾಗೆ ಇದೆಯಾ? ಹಿಂಗಾಲಿನ ಬೆರಳು ಎಷ್ಟು? ಹಾಲುಬಿಳಿ ಹೊಟ್ಟೆಯ ಮೇಲೆ ದೊಡ್ಡ ಕಪ್ಪು ಚುಕ್ಕೆ, ಹಿಂಗಾಲಿಗೆ ನಾಲ್ಕೇ ಬೆರಳು, ಬಾಲದ ಬುಡದಲ್ಲಿ ದಾರ ಕಟ್ಟಿದಂಥ ಕುಗ್ಗು ಇದ್ದರೆ ಅದು ನಾಲ್ಬೆರಳಿನ ಸಲಮಾಂಡರ್. ಕಣ್ಣಿನಿಂದ ದವಡೆಗೆ ಇಳಿಯುವ ತಿಳಿ ಗೆರೆ, ದಪ್ಪ ಹಿಂಗಾಲು ಇದ್ದರೆ ಡಸ್ಕಿ ಅನ್ನುವ ಇನ್ನೊಂದು ಬಗೆಯ ಸಲಮಾಂಡರ್.

ಪ್ರಶ್ನೆ: ಮಗಳು ಪ್ಲಾಸ್ಟಿಕ್ ಡಬ್ಬಿಯ ಅಡಿಯಿಂದ ಫೋಟೋ ತೆಗೆದಿದ್ದಾಳೆ. ಎರಡರ ಹೊಟ್ಟೆಯೂ ಉಪ್ಪು-ಮೆಣಸೇ! ಹಿಂಗಾಲಿಗೆ ಐದು ಬೆರಳು. ಗೆರೆ ಇಲ್ಲ, ಕುಗ್ಗೂ ಇಲ್ಲ.

ಉತ್ತರ: ಹಾಗಾದರೆ ಎರಡೂ ಒಂದೇ ಜಾತಿ. ಕೆಂಬೆನ್ನಿನ ಸಲಮಾಂಡರ್, ಪ್ಲೆಥೊಡಾನ್ ಸಿನೆರಿಯಸ್. ಬೂದು ಬಣ್ಣದ್ದನ್ನು ಲೆಡ್‌ಬ್ಯಾಕ್ ಅನ್ನುತ್ತಾರೆ. ನೀರು ಹತ್ತಿರ ಇಲ್ಲ ಅಂದಿರಲ್ಲ, ಅದೂ ಒಳ್ಳೆಯ ಸುಳಿವು. ಇದು ಮೊಟ್ಟೆ ಇಡುವುದು ನೆಲದ ಮೇಲೆ, ಕೊರಡು ಕಲ್ಲುಗಳ ತಂಪಿನಲ್ಲಿ. ಗೊದಮೊಟ್ಟೆಯ ಹಾಗೆ ಈಜುವ ಹಂತವೇ ಇಲ್ಲ. ಮರಿ ಹೊರಬರುವಾಗಲೇ ಪುಟ್ಟ ಸಲಮಾಂಡರ್.

ಅಪರೂಪದ್ದಲ್ಲ, ಆದರೆ ಕಾಡಿಗೆ ತುಂಬಾ ಮುಖ್ಯ. ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿನ ಬಗ್ಗೆ 1975ರಲ್ಲಿ ಒಂದು ಅಧ್ಯಯನ ಬಂತು. ಅಲ್ಲಿನ ಸಲಮಾಂಡರ್‌ಗಳ ಒಟ್ಟು ತೂಕ ಹಕ್ಕಿಗಳ ಒಟ್ಟು ತೂಕವನ್ನೂ ಮೀರಿತ್ತು. ಬಹುಪಾಲು ಇದೇ ಜಾತಿ!

ಒಂದು ಮಾತು. ಇದಕ್ಕೆ ಶ್ವಾಸಕೋಶ ಇಲ್ಲ. ಒದ್ದೆ ಚರ್ಮದಿಂದಲೇ ಉಸಿರಾಟ. ಒಣ ಕೈ, ಕ್ರೀಮ್ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ. ಕೊರಡನ್ನು ಮೊದಲಿದ್ದ ಹಾಗೇ ಇಟ್ಟು ಬಂದಿರಿ ಅಲ್ವಾ?

ಪ್ರಶ್ನೆ: ಅಯ್ಯೋ, ಪಕ್ಕಕ್ಕೆ ಉರುಳಿಸಿ ಬಂದುಬಿಟ್ಟೆವು. ಮಗಳು ಆಗಲೇ ಬೂಟು ಹಾಕಿಕೊಂಡಳು. ಈಗಲೇ ಹೊರಟೆವು.

ಉತ್ತರ: ಕೊರಡನ್ನು ಮತ್ತೆ ಇಡುವ ಮೊದಲು ಕೆಳಗೆ ಯಾರೂ ಇಲ್ಲ ಅಂತ ನೋಡಿ. ಇದ್ದರೆ ಬದಿಗೆ ಬಿಡಿ, ಮೆಲ್ಲಗೆ ಕೊರಡು ಇಳಿಸಿ. ಅವೇ ನುಸುಳಿಕೊಳ್ಳುತ್ತವೆ.